ಯಂತ್ರದ ತೀರ್ಮಾನಕ್ಕೆ ಹಿಂಬರಹ ಕೊಡುವವರು ಯಾರು?

ಪ್ರಶ್ನೆ: ನಮ್ಮ ಅತ್ತೆಯವರ ಬಿಪಿಎಲ್ ಪಡಿತರ ಚೀಟಿ ಮೂರು ತಿಂಗಳ ಹಿಂದೆ ರದ್ದಾಯಿತು. ಅಕ್ಕಿ ತರಲು ಹೋದಾಗ ನ್ಯಾಯಬೆಲೆ ಅಂಗಡಿಯವರು ಹೇಳಿದ ಮೇಲೆಯೇ ನಮಗೆ ವಿಷಯ ಗೊತ್ತಾದದ್ದು. ಕಚೇರಿಗೆ ನಾಲ್ಕು ಸಲ ಅಲೆದೆವು. "ಸಿಸ್ಟಮ್‌ನಲ್ಲೇ ತೆಗೆದುಹಾಕಿದೆ, ನಮ್ಮ ಕೈಯಲ್ಲಿ ಏನೂ ಇಲ್ಲ" ಎಂಬ ಮಾತಿನ ಹೊರತು ಬೇರೆ ಉತ್ತರ ಸಿಗಲಿಲ್ಲ. ಎರಡು ಎಕರೆ ಮಳೆಯಾಶ್ರಿತ ಜಮೀನು ಬಿಟ್ಟರೆ ನಮಗೆ ಬೇರೆ ಆಸ್ತಿಯಿಲ್ಲ. ಎರಡು ವರ್ಷದ ಹಿಂದೆ ನನ್ನ ಮೈದುನ ಗೂಡ್ಸ್ ಆಟೋ ಸಾಲಕ್ಕೆಂದು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿದ್ದರು. ತೆರಿಗೆ ಕಟ್ಟುವಷ್ಟು ಆದಾಯ ಇರಲಿಲ್ಲ. ಕಂಪ್ಯೂಟರ್ ಮಾಡಿದ ತೀರ್ಮಾನವನ್ನು ಅಧಿಕಾರಿ ಬದಲಿಸಲು ಆಗುವುದಿಲ್ಲ ಎಂಬುದು ನಿಜವೇ?
— ಹೆಸರು, ಊರು ಬೇಡ ಎಂದಿರುವ ಓದುಗರು

ಉತ್ತರ: ನಿಜವಲ್ಲ. ಪಡಿತರ ಚೀಟಿಯನ್ನು ಕೊಡುವ ಮತ್ತು ರದ್ದುಪಡಿಸುವ ಅಧಿಕಾರವನ್ನು ಕಾನೂನು ಅಧಿಕಾರಿಗೆ ವಹಿಸಿದೆಯೇ ಹೊರತು ಯಾವ ತಂತ್ರಾಂಶಕ್ಕೂ ವಹಿಸಿಲ್ಲ. ತಂತ್ರಾಂಶದ ಕೆಲಸ ಏನಿದ್ದರೂ ಅನುಮಾನಿತರ ಪಟ್ಟಿಯೊಂದನ್ನು ಮುಂದಿಡುವುದು. ಆ ಪಟ್ಟಿಯನ್ನು ಹಿಡಿದು ಮನೆಗೆ ಬಂದು ವಿಚಾರಿಸಿ, ನಿಮ್ಮ ಮಾತು ಕೇಳಿ, ಕಾರಣ ಬರೆದು ಸಹಿ ಹಾಕಬೇಕಾದವರು ಮನುಷ್ಯರೇ. ಆ ನಡುವಿನ ಕೆಲಸವನ್ನು ಯಾರೂ ಮಾಡದೆ ಪಟ್ಟಿಯೇ ಆದೇಶವಾಗಿಬಿಟ್ಟಿದ್ದರೆ, ತಪ್ಪನ್ನು ಯಂತ್ರದ ಮೇಲೆ ಹೊರಿಸಿ ಕೈತೊಳೆದುಕೊಳ್ಳಲು ಯಾವ ಕಚೇರಿಗೂ ಅವಕಾಶವಿಲ್ಲ.

ಇಂತಹ ಪಟ್ಟಿ ಹುಟ್ಟುವ ಬಗೆ ಹೀಗೆ. ಆದಾಯ ತೆರಿಗೆ, ವಾಹನ ನೋಂದಣಿ, ಜಮೀನಿನ ಪಹಣಿ, ಪಿಂಚಣಿ, ಮರಣ ನೋಂದಣಿ ಮುಂತಾಗಿ ಬೇರೆ ಬೇರೆ ಉದ್ದೇಶಕ್ಕೆ ಬೇರೆ ಬೇರೆ ಇಲಾಖೆಗಳು ಬರೆದಿಟ್ಟ ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. ಆಧಾರ್ ಸಂಖ್ಯೆ ಇದ್ದಲ್ಲಿ ಅದರಿಂದ, ಇಲ್ಲದಲ್ಲಿ ಹೆಸರು ಮತ್ತು ವಿಳಾಸದ ಹೋಲಿಕೆಯಿಂದ ಒಬ್ಬರನ್ನು ಇನ್ನೊಂದು ದಾಖಲೆಗೆ ಜೋಡಿಸುತ್ತಾರೆ. ನಿಮ್ಮ ಕುಟುಂಬದ ವಿಷಯದಲ್ಲಿ ಮೈದುನರ ರಿಟರ್ನ್ಸೇ ಕಾರಣವಾಗಿರಬಹುದು ಎಂಬುದು ನನ್ನ ಊಹೆ. ರಿಟರ್ನ್ಸ್ ಸಲ್ಲಿಸಿದವರೆಲ್ಲ ತೆರಿಗೆ ಕಟ್ಟುವವರಲ್ಲ. ಸಾಲ ಬೇಕಾದರೆ ರಿಟರ್ನ್ಸ್ ತನ್ನಿ ಎಂದು ಬ್ಯಾಂಕುಗಳು ಕೇಳುತ್ತವೆ ಎಂಬುದು ಸಾಲಕ್ಕೆ ಅಲೆದವರಿಗೆಲ್ಲ ಗೊತ್ತು. ಆದರೆ ಈ ವ್ಯತ್ಯಾಸವನ್ನು ಯಾರಾದರೂ ನಿಯಮದಲ್ಲಿ ಬರೆದಿದ್ದರೆ ಮಾತ್ರ ತಂತ್ರಾಂಶಕ್ಕೆ ತಿಳಿಯುತ್ತದೆ. 2024ರ ನವೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ದೊಡ್ಡ ವಿವಾದವಾದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿಸುವವರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ಮರಳಿಸುವಂತೆ ಮುಖ್ಯಮಂತ್ರಿಯೇ ಸೂಚಿಸಬೇಕಾಯಿತು. "ಪಾವತಿಸುವವರು" ಎಂಬ ಆ ಪದವನ್ನು ನೀವು ಗಮನಿಸಬೇಕು.

ನೆರೆಯ ತೆಲಂಗಾಣದಲ್ಲಿ ಇದಕ್ಕಿಂತ ಕಠಿಣವಾದ ಅನುಭವವಾಗಿದೆ. ಅಲ್ಲಿ ಹಲವು ವರ್ಷಗಳಲ್ಲಿ ಸುಮಾರು 19 ಲಕ್ಷ ಪಡಿತರ ಚೀಟಿಗಳು ರದ್ದಾದವು. ಅನರ್ಹರನ್ನು ಗುರುತಿಸಲು 'ಸಮಗ್ರ ವೇದಿಕ' ಎಂಬ ದತ್ತಾಂಶ ಜೋಡಣೆಯ ತಂತ್ರಾಂಶವನ್ನೂ ಬಳಸಲಾಗಿತ್ತು. ಸೈಕಲ್ ರಿಕ್ಷಾ ಎಳೆಯುತ್ತಿದ್ದ ವ್ಯಕ್ತಿಯೊಬ್ಬರನ್ನು, ಹೆಸರು ಹೋಲುತ್ತದೆ ಎಂಬ ಕಾರಣಕ್ಕೆ ಕಾರಿನ ಮಾಲೀಕರೆಂದು ಅದು ಬಗೆದ ಪ್ರಕರಣ ವರದಿಯಾಗಿದೆ. ಅವರ ಪತ್ನಿ ತನ್ನ ಪಾಲಿನ ಅಕ್ಕಿಗಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ರದ್ದಾದ ಚೀಟಿಗಳನ್ನು ಮನೆಮನೆಗೆ ಹೋಗಿ ಮರುಪರಿಶೀಲಿಸುವಂತೆ ಆ ರಾಜ್ಯಕ್ಕೆ ಆದೇಶಿಸಿತು. ಅದೇ ವರ್ಷ ಹರಿಯಾಣದ ರೋಹ್ತಕ್‌ನಲ್ಲಿ 102 ವರ್ಷದ ವೃದ್ಧರೊಬ್ಬರು, ದಾಖಲೆಯಲ್ಲಿ ಸತ್ತವರೆಂದು ನಮೂದಾಗಿ ಪಿಂಚಣಿ ನಿಂತುಹೋದದ್ದರಿಂದ, ತಾವು ಬದುಕಿದ್ದೇನೆಂದು ತೋರಿಸಲು ವಾದ್ಯದವರೊಂದಿಗೆ ಮೆರವಣಿಗೆ ಹೊರಟರು. ನೂರು ದಾಟಿದ ಜೀವ ತನ್ನ ಉಸಿರಿಗೆ ಸಾಕ್ಷಿ ಹುಡುಕಿಕೊಂಡು ಬೀದಿಗೆ ಬರಬೇಕಾಯಿತೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಈಗ ನೀವು ಮಾಡಬೇಕಾದದ್ದು. ಇನ್ನು ಮುಂದೆ ಬಾಯಿಮಾತಿನಲ್ಲಿ ವಿಚಾರಿಸಲು ಹೋಗಬೇಡಿ. ಲಿಖಿತ ಅರ್ಜಿ ಕೊಟ್ಟು, ಕಚೇರಿಯ ಟಪಾಲು ವಿಭಾಗದಲ್ಲಿ ಸ್ವೀಕೃತಿ ಪಡೆದು, "ಯಾವ ದಾಖಲೆಯ ಆಧಾರದ ಮೇಲೆ, ಯಾವ ನಿಯಮದಡಿ, ಯಾವ ಅಧಿಕಾರಿಯ ಆದೇಶದಿಂದ ಚೀಟಿ ರದ್ದಾಯಿತು ಎಂಬುದಕ್ಕೆ ಹಿಂಬರಹ ನೀಡಿ" ಎಂದು ಕೇಳಿ. ಅರ್ಜಿಗೆ ಕಚೇರಿ ಬರೆದು ಕೊಡುವ ಉತ್ತರವೇ ಹಿಂಬರಹ. ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಪ್ರಕಾರ, ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣ ತಿಳಿಸುವುದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ. ಈ ಸಾಲನ್ನು ಅರ್ಜಿಯಲ್ಲೇ ಬರೆಯಿರಿ. ಮೈದುನರ ರಿಟರ್ನ್ಸ್‌ನ ಪ್ರತಿಯಲ್ಲಿ ಕಟ್ಟಿದ ತೆರಿಗೆ ಸೊನ್ನೆ ಎಂದು ಕಾಣುವ ಪುಟವನ್ನು ಲಗತ್ತಿಸಿ. ಉತ್ತರ ಬಾರದಿದ್ದರೆ 2013ರ ಆಹಾರ ಭದ್ರತಾ ಕಾಯ್ದೆಯಡಿ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ದೂರು ಕೊಡಬಹುದು. ಅಲ್ಲಿಯೂ ಆಗದಿದ್ದರೆ ರಾಜ್ಯ ಆಹಾರ ಆಯೋಗವಿದೆ.

ಪ್ರಶ್ನೆ: ಪತ್ರಿಕೆಗಳಲ್ಲಿ ದಿನವೂ ಕಾಣುವ 'ಅಲ್ಗಾರಿದಮ್' ಎಂಬ ಪದಕ್ಕೆ ಸರಳವಾದ ಅರ್ಥವೇನು?
— ಪಿಯುಸಿ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಒಂದು ಲೆಕ್ಕವನ್ನೋ ಕೆಲಸವನ್ನೋ ಮುಗಿಸಲು ಹಂತಹಂತವಾಗಿ ಬರೆದಿಟ್ಟ ವಿಧಾನವೇ ಅಲ್ಗಾರಿದಮ್. ನೀವು ಶಾಲೆಯಲ್ಲಿ ಕಲಿತ ಭಾಗಾಕಾರದ ಕ್ರಮವೂ ಒಂದು ಅಲ್ಗಾರಿದಮ್ಮೇ. 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಜ್ಮಿಯ ಹೆಸರಿನಿಂದ ಈ ಪದ ಬಂತು. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಬಗೆಯನ್ನು ಕುರಿತು ಅವನು ಬರೆದದ್ದು ಲ್ಯಾಟಿನ್ ಭಾಷೆಗೆ ಹೋದಾಗ ಅವನ ಹೆಸರೇ ಆ ವಿಧಾನದ ಹೆಸರಾಯಿತು.

ಒಂದು ಭೇದವನ್ನು ಮಾತ್ರ ನೆನಪಿಡಿ. ಕೆಲವು ಅಲ್ಗಾರಿದಮ್‌ಗಳ ನಿಯಮಗಳನ್ನು ಮನುಷ್ಯರೇ ಬರೆದಿರುತ್ತಾರೆ. ಅವುಗಳನ್ನು ಓದಿ ಒಪ್ಪಬಹುದು, ವಿರೋಧಿಸಬಹುದು. ಇನ್ನು ಕೆಲವು, ಹಿಂದಿನ ಸಾವಿರಾರು ಪ್ರಕರಣಗಳನ್ನು ನೋಡಿ ನಿಯಮವನ್ನು ತಾವೇ ಊಹಿಸಿಕೊಳ್ಳುತ್ತವೆ. ಹಿಂದೆ ಪಕ್ಷಪಾತ ನಡೆದಿದ್ದರೆ ಅದನ್ನೂ ನಿಯಮವೆಂದೇ ಕಲಿಯುತ್ತವೆ, ಮತ್ತು ಏನನ್ನು ಕಲಿತೆವೆಂದು ಅವು ಸುಲಭವಾಗಿ ಹೇಳಲಾರವು.

ಪ್ರಶ್ನೆ: ಯಂತ್ರಗಳ ತೀರ್ಮಾನದ ಬಗ್ಗೆ ನೀವು ಹಿಂದಿನ ಸಂಚಿಕೆಗಳಲ್ಲಿ ಆತಂಕದಿಂದಲೇ ಬರೆಯುತ್ತಿದ್ದೀರಿ. ಯಂತ್ರ ಲಂಚ ಕೇಳುವುದಿಲ್ಲ, ಜಾತಿ ನೋಡುವುದಿಲ್ಲ, ಊಟಕ್ಕೆ ಹೋಗಿದ್ದಾರೆ ನಾಳೆ ಬನ್ನಿ ಎನ್ನುವುದಿಲ್ಲ. ಮೂವತ್ತು ವರ್ಷ ಅಧ್ಯಾಪಕನಾಗಿದ್ದು ಕಚೇರಿಗಳನ್ನು ಚೆನ್ನಾಗಿ ಕಂಡಿರುವ ನನಗೆ ಯಂತ್ರವೇ ಮೇಲು ಎನಿಸುತ್ತದೆ.
— ನಿವೃತ್ತ ಅಧ್ಯಾಪಕರು, ಧಾರವಾಡ

ಉತ್ತರ: ನಿಮ್ಮ ಮಾತಿನಲ್ಲಿ ಸತ್ಯವಿದೆ, ಮತ್ತು ಅದಕ್ಕೆ ದೊಡ್ಡ ಸಾಕ್ಷಿ ಕರ್ನಾಟಕದಲ್ಲೇ ಇದೆ. 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕೀಕರಣಗೊಳ್ಳುವ ಮೊದಲು ಅವು ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಒಂದು ಪ್ರತಿ ಬೇಕಾದರೆ ಅವರು ಸಿಗುವ ತನಕ ಕಾಯಬೇಕಿತ್ತು, ಸಿಕ್ಕ ಮೇಲೆ ಏನಾದರೂ ಕೊಡಬೇಕಿತ್ತು. ಆಮೇಲೆ 15 ರೂಪಾಯಿಗೆ ತಾಲ್ಲೂಕು ಕೇಂದ್ರದ ಕಿಟಕಿಯಲ್ಲಿ ಪಹಣಿ ಸಿಗತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಇಟ್ಟದ್ದರಿಂದ, ಹಿಂದಿನವರನ್ನು ಮುಂದಕ್ಕೆ ತರುವ ದಾರಿ ಕಿರಿದಾಯಿತು. ಇದೂ ಅಲ್ಗಾರಿದಮ್ಮಿನ ಆಳ್ವಿಕೆಯೇ, ಮತ್ತು ಒಳ್ಳೆಯ ಆಳ್ವಿಕೆ. ಇಲ್ಲಿಯ ನಿಯಮ ಎಲ್ಲರಿಗೂ ಗೊತ್ತು. ನನ್ನ ಅರ್ಜಿ ನಿಮ್ಮದಕ್ಕಿಂತ ಮೊದಲು ಬಂದಿದೆಯೋ ಇಲ್ಲವೋ ಎಂಬುದನ್ನು ಯಾರು ಬೇಕಾದರೂ ತಾಳೆ ನೋಡಬಹುದು.

ಆದರೆ ಸರದಿ ಕಾಯಿಸುವ ಯಂತ್ರಕ್ಕೂ ಯೋಗ್ಯತೆ ಅಳೆಯುವ ಯಂತ್ರಕ್ಕೂ ಬಹಳ ಅಂತರವಿದೆ. ನೀವು ಅಧ್ಯಾಪಕರಾದ್ದರಿಂದ 2020ರಲ್ಲಿ ಇಂಗ್ಲೆಂಡಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಕೋವಿಡ್‌ನಿಂದ ಎ-ಲೆವೆಲ್ (ನಮ್ಮ ಪಿಯುಸಿಯಂತಹ) ಪರೀಕ್ಷೆಗಳು ನಡೆಯಲಿಲ್ಲ. ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಬರಬಹುದಾದ ಶ್ರೇಣಿಯನ್ನು ಅಂದಾಜು ಮಾಡಿ ಕಳುಹಿಸಿದರು. ಪರೀಕ್ಷಾ ನಿಯಂತ್ರಣ ಸಂಸ್ಥೆ ಆಫ್ಕ್ವಾಲ್, ಆ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶಕ್ಕೆ ಹೊಂದುವಂತೆ ಶ್ರೇಣಿಗಳನ್ನು ಒಂದು ಸೂತ್ರದಿಂದ ತಿದ್ದಿತು. ಸುಮಾರು ಶೇ 40ರಷ್ಟು ಅಂದಾಜುಗಳು ಕೆಳಗಿಳಿದವು. ಒಟ್ಟು ಲೆಕ್ಕಕ್ಕೆ ಸೂತ್ರ ಸರಿಯಾಗಿಯೇ ಇತ್ತು. ದೇಶದ ಸರಾಸರಿ ಹಿಂದಿನ ವರ್ಷಗಳಂತೆಯೇ ಬಂದಿತ್ತು. ಆದರೆ ಫಲಿತಾಂಶ ಯಾವಾಗಲೂ ಸಾಧಾರಣವಾಗಿರುವ ಶಾಲೆಯಲ್ಲಿ ಆ ವರ್ಷ ಒಬ್ಬ ಅಸಾಧಾರಣ ಹುಡುಗಿ ಓದುತ್ತಿದ್ದರೆ, ಅವಳಿಗಿಂತ ಮೊದಲು ಅಲ್ಲಿ ಓದಿಹೋದವರ ಅಂಕಗಳು ಅವಳ ಭವಿಷ್ಯವನ್ನು ಕಟ್ಟಿಹಾಕಿದವು. ಮಕ್ಕಳು ಬೀದಿಗಿಳಿದ ಮೇಲೆ, ಆಗಸ್ಟ್ 17ರಂದು ಸರ್ಕಾರ ಸೂತ್ರವನ್ನು ಕೈಬಿಟ್ಟು ಅಧ್ಯಾಪಕರ ಅಂದಾಜನ್ನೇ ಒಪ್ಪಿಕೊಂಡಿತು. ಹಳ್ಳಿಯ ಶಾಲೆಯಿಂದ ಬಂದ ಒಬ್ಬ ಜಾಣ ಹುಡುಗನನ್ನಾದರೂ ನಿಮ್ಮ ಮೂವತ್ತು ವರ್ಷಗಳಲ್ಲಿ ನೀವು ಗುರುತಿಸಿ ಬೆಳೆಸಿರುತ್ತೀರಿ. ಅವನ ಶಾಲೆಯ ಸರಾಸರಿಯನ್ನು ನೀವು ನೋಡಿದ್ದಿರಲಿಕ್ಕಿಲ್ಲ.

ಲಂಚದ ಅಧಿಕಾರಿಯ ಬಗ್ಗೆ ಇನ್ನೊಂದು ಮಾತು. ಅವನ ಮೇಲೆ ದೂರು ಕೊಡಲು ಲೋಕಾಯುಕ್ತವಿದೆ, ಅವನ ಆದೇಶದ ಮೇಲೆ ಮೇಲ್ಮನವಿ ಇದೆ. ಯಂತ್ರದ ಅನ್ಯಾಯಕ್ಕೂ ಅಷ್ಟೇ ಸ್ಪಷ್ಟವಾದ ಬಾಗಿಲು ಇರಬೇಕೆಂಬುದಷ್ಟೇ ನನ್ನ ಒತ್ತಾಯ.

ಪ್ರಶ್ನೆ: ನಾವು ಆರು ವರ್ಷದಿಂದ ನೆದರ್‌ಲ್ಯಾಂಡ್ಸ್‌ನಲ್ಲಿದ್ದೇವೆ. ಮಗುವಿನ ಶಿಶುಪಾಲನಾ ವೆಚ್ಚಕ್ಕೆ ಸರ್ಕಾರದ ಸಹಾಯಧನ ಪಡೆಯುವ ಬಗ್ಗೆ ಮಾತು ಬಂದಾಗಲೆಲ್ಲ ಇಲ್ಲಿಯ ಹಳಬರು 'ಆ ಹಗರಣ'ದ ನೆನಪು ತೆಗೆದು ಎಚ್ಚರಿಸುತ್ತಾರೆ. ನಿಜವಾಗಿ ಏನಾಯಿತು? ಭಾರತದಲ್ಲಿಯೂ ಹಾಗಾಗಬಹುದೇ?
— ಕನ್ನಡಿಗ ದಂಪತಿ, ಐಂಡ್‌ಹೋವನ್

ಉತ್ತರ: ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಶ್ರೀಮಂತವಾದ, ಕಾನೂನಿಗೆ ಬೆಲೆ ಕೊಡುವ, ಅಚ್ಚುಕಟ್ಟಿನ ಆಡಳಿತವೆಂದು ಹೆಸರಾದ ದೇಶದಲ್ಲಿ ನಡೆದದ್ದು ಇದು.

ಶಿಶುಪಾಲನೆಯ ಸಹಾಯಧನವನ್ನು ಅಲ್ಲಿ ಆಗ ತೆರಿಗೆ ಇಲಾಖೆ ಕೊಡುತ್ತಿತ್ತು. ವಂಚನೆಯನ್ನು ಹಿಡಿಯಬೇಕೆಂಬ ರಾಜಕೀಯ ಒತ್ತಡ ಹೆಚ್ಚಿದಾಗ, 2013ರಿಂದ ಆ ಇಲಾಖೆ ಅರ್ಜಿಗಳಿಗೆ ಅಪಾಯದ ಅಂಕ ಕೊಡುವ ಮಾದರಿಯೊಂದನ್ನು ಬಳಸತೊಡಗಿತು. ಅರ್ಜಿದಾರರು ಡಚ್ ಪೌರತ್ವ ಹೊಂದಿದ್ದಾರೆಯೇ ಇಲ್ಲವೇ ಎಂಬುದೂ ಅಂಕ ನಿರ್ಧರಿಸುವ ಅಂಶಗಳಲ್ಲಿ ಒಂದಾಗಿತ್ತು. ಅಂಕ ಹೆಚ್ಚಾದ ಅರ್ಜಿ ಅಧಿಕಾರಿಯ ಮೇಜಿಗೆ ಬರುತ್ತಿತ್ತು. ಕೊನೆಯ ತೀರ್ಮಾನ ಮನುಷ್ಯರದ್ದೇ ಎಂದು ಹೇಳಿಕೊಳ್ಳಲು ಇದರಿಂದ ಅನುಕೂಲವಾಗಿತ್ತು. ಆದರೆ ಅಂಕ ಏಕೆ ಹೆಚ್ಚಾಯಿತೆಂಬುದನ್ನು ಆ ಅಧಿಕಾರಿಗೂ ತಿಳಿಸುತ್ತಿರಲಿಲ್ಲ. ಕಾರಣ ಗೊತ್ತಿಲ್ಲದ ಅನುಮಾನವನ್ನು ಕೈಯಲ್ಲಿ ಹಿಡಿದ ಅಧಿಕಾರಿ ಮಾಡುವುದೇನು? ತಪ್ಪು ಹುಡುಕುತ್ತಾನೆ. ಒಂದು ಸಹಿ ಬಿಟ್ಟುಹೋಗಿದ್ದರೆ, ಪೋಷಕರ ಪಾಲಿನ ಚಿಕ್ಕ ಮೊತ್ತ ಕಟ್ಟಿದ್ದಕ್ಕೆ ರಸೀದಿ ಇಲ್ಲದಿದ್ದರೆ, ಇಡೀ ವರ್ಷದ ಸಹಾಯಧನವನ್ನು ಮರಳಿಸಬೇಕೆಂಬ ಕಠಿಣ ನಿಯಮ ಆಗಿತ್ತು. ಹತ್ತಾರು ಸಾವಿರ ಯೂರೋ ಬಾಕಿಯ ನೋಟಿಸು ಮನೆಗೆ ಬರುತ್ತಿತ್ತು. ಉದ್ದೇಶಪೂರ್ವಕ ವಂಚನೆ ಎಂದು ಗುರುತು ಬಿದ್ದವರಿಗೆ ಕಂತಿನಲ್ಲಿ ಕಟ್ಟುವ ಅವಕಾಶವೂ ಇರಲಿಲ್ಲ. ಹತ್ತಾರು ಸಾವಿರ ಕುಟುಂಬಗಳು ಸಾಲದಲ್ಲಿ ಮುಳುಗಿದವು; ಮನೆ, ಉದ್ಯೋಗ, ದಾಂಪತ್ಯ ಕಳೆದುಕೊಂಡವರಿದ್ದರು. ಬಾಧಿತ ಕುಟುಂಬಗಳ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಬೇರೆಡೆ ಇರಿಸಲಾಗಿತ್ತೆಂದು ಆಮೇಲೆ ತಿಳಿಯಿತು.

ಪೀಟರ್ ಓಮ್ಟ್ಸಿಖ್ಟ್ ಮತ್ತು ರೆನ್ಸ್ಕೆ ಲೈಟನ್ ಎಂಬ ಇಬ್ಬರು ಸಂಸದರು, ಕೆಲವು ಪತ್ರಕರ್ತರು ಮತ್ತು ವಕೀಲರು ಪಟ್ಟುಬಿಡದೆ ಕೆದಕಿದ್ದರಿಂದ ವಿಷಯ ಹೊರಬಂತು. 2020ರ ಡಿಸೆಂಬರ್‌ನಲ್ಲಿ ಬಂದ ಸಂಸದೀಯ ಸಮಿತಿಯ ವರದಿ ಇದನ್ನು ಹಿಂದೆಂದೂ ಕಾಣದ ಅನ್ಯಾಯವೆಂದು ಕರೆಯಿತು. 2021ರ ಜನವರಿ 15ರಂದು ಪ್ರಧಾನಿ ಮಾರ್ಕ್ ರುಟ್ಟೆ ಅವರ ಸಂಪುಟ ರಾಜೀನಾಮೆ ಕೊಟ್ಟಿತು. ಬಾಧಿತರಿಗೆ ಕನಿಷ್ಠ 30 ಸಾವಿರ ಯೂರೋ ಪರಿಹಾರ ಘೋಷಣೆಯಾಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಡಚ್ ದತ್ತಾಂಶ ಸಂರಕ್ಷಣಾ ಪ್ರಾಧಿಕಾರ ತೆರಿಗೆ ಇಲಾಖೆಗೆ 27.5 ಲಕ್ಷ ಯೂರೋ ದಂಡ ವಿಧಿಸಿತು. ಸರ್ಕಾರದ ಒಂದು ಅಂಗ ಇನ್ನೊಂದಕ್ಕೆ ದಂಡ ಹಾಕಬಲ್ಲ ಏರ್ಪಾಡು ಅಲ್ಲಿ ಇತ್ತೆಂಬುದನ್ನು ಮೆಚ್ಚಲೇಬೇಕು.

ಇಂತಹ ಅನಾಹುತಕ್ಕೆ ಬಹಳ ಜಾಣ ಯಂತ್ರ ಬೇಕೆಂದೇನೂ ಇಲ್ಲ. ಆಸ್ಟ್ರೇಲಿಯಾದಲ್ಲಿ ಒಂದು ಭಾಗಾಕಾರವೇ ಸಾಕಾಯಿತು. ಅಲ್ಲಿ ನಿರುದ್ಯೋಗ ಭತ್ಯೆಯನ್ನು ಪಕ್ಷಕ್ಕೊಮ್ಮೆ, ಅಂದರೆ ಎರಡು ವಾರಕ್ಕೊಮ್ಮೆ, ಆ ಎರಡು ವಾರಗಳ ಆದಾಯ ನೋಡಿ ಕೊಡುತ್ತಾರೆ. 'ರೋಬೋಡೆಟ್' ಎಂದು ಹೆಸರಾದ ಯೋಜನೆಯಲ್ಲಿ, ತೆರಿಗೆ ಇಲಾಖೆಯಲ್ಲಿದ್ದ ವಾರ್ಷಿಕ ಆದಾಯವನ್ನು 26ರಿಂದ ಭಾಗಿಸಿ, ಪ್ರತಿ ಪಕ್ಷವೂ ಅಷ್ಟೇ ದುಡಿದಿದ್ದಾರೆಂದು ಲೆಕ್ಕ ಹಾಕಿದರು. ಒಬ್ಬ ಯುವಕ ಆರು ತಿಂಗಳು ದುಡಿದು 26 ಸಾವಿರ ಡಾಲರ್ ಗಳಿಸಿ, ಉಳಿದ ಆರು ತಿಂಗಳು ಕೆಲಸವಿಲ್ಲದೆ ಭತ್ಯೆ ಪಡೆದನೆಂದುಕೊಳ್ಳಿ. ಕೆಲಸವಿಲ್ಲದ ತಿಂಗಳುಗಳಲ್ಲೂ ಅವನಿಗೆ ಪಕ್ಷಕ್ಕೆ ಸಾವಿರ ಡಾಲರ್ ಬರುತ್ತಿತ್ತು, ಅದನ್ನು ಮುಚ್ಚಿಟ್ಟಿದ್ದಾನೆ ಎಂದು ಯಂತ್ರ ತೀರ್ಮಾನಿಸುತ್ತದೆ. ಹಾಗಲ್ಲವೆಂದು ತೋರಿಸಲು ಅವನು ಎಷ್ಟೋ ವರ್ಷ ಹಿಂದಿನ ಸಂಬಳದ ಚೀಟಿಗಳನ್ನು ಹುಡುಕಿ ತರಬೇಕು. ಹೀಗೆ ಹುಟ್ಟಿಸಿದ ಸುಮಾರು 4 ಲಕ್ಷ 70 ಸಾವಿರ ಬಾಕಿಗಳನ್ನು ಕೈಬಿಟ್ಟು, ವಸೂಲಾದ ಹಣ ಮರಳಿಸುವುದಾಗಿ 2020ರಲ್ಲಿ ಸರ್ಕಾರವೇ ಒಪ್ಪಿತು. 2023ರ ಜುಲೈನಲ್ಲಿ ಬಂದ ರಾಯಲ್ ಕಮಿಷನ್ ವರದಿ ಆ ಯೋಜನೆ ನ್ಯಾಯಯುತವೂ ಅಲ್ಲ, ಕಾನೂನುಬದ್ಧವೂ ಅಲ್ಲ ಎಂದಿತು.

ಎರಡೂ ಕಡೆ ನಡೆದದ್ದನ್ನು ಗಮನಿಸಿ. ಆರೋಪ ಮಾಡುವವರು ಪುರಾವೆ ಕೊಡಬೇಕೆಂಬ ಹಳೆಯ ನಿಯಮ ತಲೆಕೆಳಗಾಗಿ, ನಿರಪರಾಧಿ ಎಂದು ಸಾಬೀತುಪಡಿಸುವ ಭಾರ ಬಡವರ ತಲೆಗೆ ಬಂತು. ಅವರು ಏನನ್ನು ಅಲ್ಲಗಳೆಯಬೇಕೆಂಬುದನ್ನೂ ಅವರಿಗೆ ಹೇಳಲಿಲ್ಲ.

ಭಾರತದ ವಿಷಯ. ನೀವಿರುವ ಕಡೆ, 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಐರೋಪ್ಯ ದತ್ತಾಂಶ ನಿಯಮದ 22ನೇ ವಿಧಿ, ಬರೀ ಯಂತ್ರದಿಂದಲೇ ಆದ ಗಂಭೀರ ತೀರ್ಮಾನಗಳಿಗೆ ಒಳಗಾಗದಿರುವ ಹಕ್ಕನ್ನು ನಿಮಗೆ ಕೊಡುತ್ತದೆ. ಅಧಿಕಾರಿಯೊಬ್ಬರನ್ನು ನೆಪಕ್ಕೆ ನಡುವೆ ಕೂರಿಸಿ ಈ ಹಕ್ಕನ್ನು ತಪ್ಪಿಸುವ ದಾರಿಯನ್ನೂ ಐರೋಪ್ಯ ನ್ಯಾಯಾಲಯ 2023ರ ಡಿಸೆಂಬರ್‌ನ ತೀರ್ಪೊಂದರಲ್ಲಿ ಬಹುಮಟ್ಟಿಗೆ ಮುಚ್ಚಿದೆ: ಯಂತ್ರ ಕೊಟ್ಟ ಅಂಕವನ್ನೇ ಪ್ರಧಾನವಾಗಿ ನೆಚ್ಚಿ ತೀರ್ಮಾನ ಆಗುವುದಾದರೆ, ಅಂಕ ಕೊಡುವುದೇ ತೀರ್ಮಾನ ಎಂದು ಅದು ಹೇಳಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅಂತಹ ಹಕ್ಕು ಇಲ್ಲ. ವ್ಯಕ್ತಿಯ ಮೇಲೆ ಪರಿಣಾಮ ಬೀರುವ ತೀರ್ಮಾನಕ್ಕೆ ಬಳಸುವ ದತ್ತಾಂಶ ಪೂರ್ಣವೂ ನಿಖರವೂ ಆಗಿರಬೇಕೆಂಬ ಕರ್ತವ್ಯವನ್ನು ಮಾತ್ರ ಅದು ವಿಧಿಸುತ್ತದೆ. ಹಾಗಾಗಿ ನಮ್ಮ ನಿಜವಾದ ಆಸರೆ ಹಳೆಯದೇ: ಒಬ್ಬರ ಮಾತು ಕೇಳದೆ ಅವರ ವಿರುದ್ಧ ತೀರ್ಮಾನಿಸಬಾರದೆಂಬ, ಸುಪ್ರೀಂ ಕೋರ್ಟಿನ 1978ರ ಮೇನಕಾ ಗಾಂಧಿ ಪ್ರಕರಣದಿಂದ ಗಟ್ಟಿಯಾದ ಸಹಜ ನ್ಯಾಯದ ತತ್ವ, ಮತ್ತು ನಾನು ಮೊದಲ ಉತ್ತರದಲ್ಲಿ ಹೇಳಿದ ಮಾಹಿತಿ ಹಕ್ಕಿನ ಸಾಲು. ಆಗಬಹುದೇ ಎಂದು ಕೇಳಿದ್ದೀರಿ. ತೆಲಂಗಾಣದ ಸಂಗತಿಯನ್ನು ಓದಿದರೆ, ಈಗಾಗಲೇ ಆಗಿದೆ ಎಂದೇ ಹೇಳಬೇಕಾಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಸಂಪುಟ ಹೋಯಿತು. ಇಲ್ಲಿ ಅಕ್ಕಿ ಹೋಯಿತು.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಊಟ ತಲುಪಿಸುವ ಕೆಲಸ ಮಾಡುತ್ತೇನೆ. ಹೋದ ತಿಂಗಳು ಒಂದು ಬೆಳಿಗ್ಗೆ ನನ್ನ ಐಡಿ ಬ್ಲಾಕ್ ಆಯಿತು. ಸಹಾಯವಾಣಿಯಲ್ಲೂ ಯಂತ್ರವೇ ಮಾತಾಡಿತು. ಹತ್ತು ದಿನದ ಮೇಲೆ ತಾನಾಗಿಯೇ ತೆರೆಯಿತು. ಆ ಹತ್ತು ದಿನದ ಸಂಪಾದನೆಗೆ ಯಾರನ್ನು ಕೇಳಬೇಕು?
— ವಿತರಣಾ ಕೆಲಸಗಾರರು, ಬೆಂಗಳೂರು

ಉತ್ತರ: ನಿಮ್ಮ ಪಾಲಿಗೆ ಆ ಯಂತ್ರವೇ ಮೇಸ್ತ್ರಿ, ಅದೇ ಮಾಲೀಕ, ನೋಟಿಸು ಕೊಡದೆ ಗೇಟು ಮುಚ್ಚುವ ಕಾರ್ಖಾನೆಗೂ ಇದಕ್ಕೂ ಕೆಲಸಗಾರನ ಮಟ್ಟಿಗೆ ವ್ಯತ್ಯಾಸವಿಲ್ಲ. ಸಮಾಧಾನದ ಸಂಗತಿಯೆಂದರೆ, ಈ ವಿಷಯದಲ್ಲಿ ಕರ್ನಾಟಕ ಬೇರೆ ಬಹುತೇಕ ರಾಜ್ಯಗಳಿಗಿಂತ ಮುಂದಿದೆ. ರಾಜಸ್ಥಾನ 2023ರಲ್ಲಿ ಗಿಗ್ ಕೆಲಸಗಾರರ, ಅಂದರೆ ನಿಮ್ಮಂತೆ ಆ್ಯಪ್ ಮೂಲಕ ಬಿಡಿ ಕೆಲಸ ಮಾಡುವವರ, ಕಾಯ್ದೆ ತಂದ ಮೊದಲ ರಾಜ್ಯ. ನಮ್ಮಲ್ಲಿ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಅದೇ ವರ್ಷ ಕಾಯ್ದೆಯಾದ ಕಾನೂನಿನಲ್ಲಿ ಕಲ್ಯಾಣ ಮಂಡಳಿ ಮತ್ತು ಪ್ರತಿ ಪಾವತಿಯ ಶೇ 1ರಿಂದ 5ರವರೆಗಿನ ಕಲ್ಯಾಣ ಶುಲ್ಕದ ಜೊತೆಗೆ, ಯಂತ್ರದ ತೀರ್ಮಾನಗಳ ಬಗ್ಗೆಯೂ ನಿಯಮಗಳಿವೆ. ಗಳಿಕೆ, ರೇಟಿಂಗ್, ಕೆಲಸದ ಹಂಚಿಕೆಯನ್ನು ನಿರ್ಧರಿಸುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ತಿಳಿಯುವ ದಾರಿಯನ್ನು ಕಂಪನಿ ನಿಮಗೆ ಸರಳ ಭಾಷೆಯಲ್ಲಿ ಹೇಳಬೇಕು. ಕೆಲಸದಿಂದ ತೆಗೆಯುವುದಾದರೆ, ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟು, ಲಿಖಿತ ಕಾರಣದೊಂದಿಗೆ 14 ದಿನ ಮೊದಲೇ ನೋಟಿಸು ಕೊಡಬೇಕು. ಸರ್ಕಾರಿ ಕಚೇರಿಯಲ್ಲಿ ನಾವು ಹಿಂಬರಹ ಎನ್ನುವುದನ್ನು ಖಾಸಗಿ ಕಂಪನಿಯಿಂದಲೂ ಕೇಳುವ ಹಕ್ಕು ಇದು.

ನಿಮ್ಮದು ತಾತ್ಕಾಲಿಕ ತಡೆಯೋ ವಜಾ ಮಾಡಿದ್ದೋ ಎಂಬ ವಾದ ಕಂಪನಿಯ ಕಡೆಯಿಂದ ಬರಬಹುದು. ಆದ್ದರಿಂದ ಮೊದಲು ಒಪ್ಪಂದದಲ್ಲಿ ಐಡಿ ತಡೆಯುವ ಕಾರಣಗಳನ್ನು ಹೇಗೆ ಬರೆದಿದ್ದಾರೆ ನೋಡಿ. ನಂತರ ಕಂಪನಿಯ ಆಂತರಿಕ ವ್ಯಾಜ್ಯ ಪರಿಹಾರ ಸಮಿತಿಗೆ ಬರವಣಿಗೆಯಲ್ಲಿ ದೂರು ಕೊಡಿ. ತಡೆ ಬಿದ್ದ ದಿನ, ಗಂಟೆ, ಆ ಹೊತ್ತಿಗೆ ಪರದೆಯ ಮೇಲೆ ಕಂಡ ಸಂದೇಶ, ಹಿಂದಿನ ನಾಲ್ಕು ವಾರಗಳ ಗಳಿಕೆ, ಸಹಾಯವಾಣಿಗೆ ಮಾಡಿದ ಕರೆಗಳ ಪಟ್ಟಿ ಇವೆಲ್ಲದರ ಚಿತ್ರವನ್ನು ತೆಗೆದು ಬೇರೊಂದು ಕಡೆ ಇಟ್ಟುಕೊಳ್ಳಿ, ಏಕೆಂದರೆ ಐಡಿ ಮತ್ತೆ ಮುಚ್ಚಿದರೆ ಆ ಲೆಕ್ಕ ನಿಮಗೆ ಕಾಣಿಸುವುದಿಲ್ಲ. ಒಬ್ಬರೇ ಹೋಗುವುದಕ್ಕಿಂತ, ಅದೇ ವಾರ ಐಡಿ ಬ್ಲಾಕ್ ಆದ ಇತರರನ್ನು ಕೂಡಿಸಿಕೊಂಡು ಹೋಗುವುದು ಮೇಲು; ಹತ್ತು ಜನರಿಗೆ ಒಂದೇ ದಿನ ಹಾಗಾಗಿದ್ದರೆ ಅದು ಹತ್ತು ಜನರ ತಪ್ಪಲ್ಲ, ವ್ಯವಸ್ಥೆಯ ತಪ್ಪು ಎಂಬುದನ್ನು ಸಮಿತಿಯ ಮುಂದೆ ತೋರಿಸುವುದು ಸುಲಭವಾಗುತ್ತದೆ.